ವಿದ್ಯುತ್ ಕಾರು ಒಮ್ಮೆ ಸೋತದ್ದೇಕೆ?

ಕಳೆದ ತಿಂಗಳು ನಮ್ಮ ವಸತಿ ಸಮುಚ್ಚಯದ ನಿವಾಸಿಗಳ ಸಭೆಯಲ್ಲಿ ಒಂದು ಮನವಿ ಚರ್ಚೆಗೆ ಬಂತು. ಬಾಡಿಗೆಗಿರುವ ಯುವಕರೊಬ್ಬರು ತಮ್ಮ ವಿದ್ಯುತ್ ಸ್ಕೂಟರಿಗೆ ವಾಹನ ನಿಲುಗಡೆ ಜಾಗದಲ್ಲಿ ಚಾರ್ಜಿಂಗ್ ಸಂಪರ್ಕ ಕೇಳಿದ್ದರು. ‘ಇದು ಹೊಸ ತಂತ್ರಜ್ಞಾನ, ಸ್ವಲ್ಪ ಕಾಲ ಕಾದು ನೋಡೋಣ’ ಎಂದು ಹಿರಿಯ ಸದಸ್ಯರೊಬ್ಬರು ಸೂಚಿಸಿದರು. ಮನವಿಯನ್ನು ಮುಂದೂಡಲಾಯಿತು. ಮೂರು ದಶಕ ಸರ್ಕಾರಿ ಸೇವೆಯಲ್ಲಿದ್ದ ನನಗೆ ಕಡತ ಮುಂದೂಡುವ ಈ ಭಾಷೆ ಚಿರಪರಿಚಿತ. ಆದರೆ ವಿದ್ಯುತ್ ವಾಹನ ಹೊಸದೆಂಬ ಮಾತು ಮಾತ್ರ ಸತ್ಯಕ್ಕೆ ದೂರವಾದುದು.

ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತಮ್ಮ ತ್ರಿಚಕ್ರ ಮೋಟಾರು ವಾಹನಕ್ಕೆ ಪೇಟೆಂಟ್ ಪಡೆದರು. 1888ರಲ್ಲಿ ಅವರ ಪತ್ನಿ ಬರ್ತಾ, ಪತಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳೊಡನೆ ಅಂಥ ವಾಹನದಲ್ಲಿ ಸುಮಾರು 100 ಕಿ.ಮೀ. ದೂರದ ತವರೂರಿಗೆ ಹೊರಟರು. ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲ. ದಾರಿಯಲ್ಲಿ ಅವರು ಇಂಧನ ಕೊಂಡದ್ದು ಔಷಧದ ಅಂಗಡಿಯೊಂದರಲ್ಲಿ! ಮೊದಲ ದಿನದಿಂದಲೂ ಮೋಟಾರು ವಾಹನದ ಭವಿಷ್ಯ ಯಂತ್ರದಷ್ಟೇ ದಾರಿಬದಿಯ ಅಂಗಡಿಯನ್ನೂ ಅವಲಂಬಿಸಿತ್ತು.

ಆಗ ಪೆಟ್ರೋಲ್ ಕಾರಿನ ಗೆಲುವು ನಿಶ್ಚಿತವಾಗಿರಲಿಲ್ಲ. ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲು ದಾಟಿದ್ದು, 1899ರಲ್ಲಿ, ವಿದ್ಯುತ್ ಕಾರು. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳ ಪೈಕಿ 1,681 ಉಗಿಯಿಂದ, 1,575 ವಿದ್ಯುತ್ತಿನಿಂದ ಚಲಿಸುವಂಥವು. ಪೆಟ್ರೋಲಿನವು ಕೇವಲ 936.

ಅನಂತರ ಆದದ್ದೇನು? ಅಂದಿನ ಸೀಸದ ಬ್ಯಾಟರಿ ಬಲು ಭಾರ, ಅದರಿಂದ ಹೋಗಬಹುದಾದ ದೂರ ಅಲ್ಪ ಎಂಬುದು ನಿಜ. ಆದರೆ ಅದೊಂದೇ ಕಾರಣವಲ್ಲ. 1901ರಲ್ಲಿ ಟೆಕ್ಸಾಸ್‌ನಲ್ಲಿ ಭಾರಿ ತೈಲ ನಿಕ್ಷೇಪ ಪತ್ತೆಯಾಯಿತು. 1908ರಲ್ಲಿ ಫೋರ್ಡ್‌ನ ‘ಮಾಡೆಲ್ ಟಿ’ ಬಂತು. ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುವ ಕಷ್ಟವನ್ನು 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಅಳವಡಿಸಿದ ಸ್ಟಾರ್ಟರ್ ನೀಗಿಸಿತು. ಅದು ವಿದ್ಯುತ್ತಿನದೇ ಆಗಿದ್ದುದು ವಿಪರ್ಯಾಸ. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ರೋಲನ್ನು ಡಬ್ಬಿಯಲ್ಲಿ ತುಂಬಿ ಹಳ್ಳಿಯ ಅಂಗಡಿಯಲ್ಲೂ ಮಾರಬಹುದಿತ್ತು. ವಿದ್ಯುತ್ತಾದರೋ ನಗರ ದಾಟಿರಲಿಲ್ಲ. 1930ರ ದಶಕದ ಮಧ್ಯದಲ್ಲೂ ಅಮೆರಿಕದ ಹತ್ತು ಕೃಷಿಕ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಸಂಪರ್ಕವಿತ್ತು.

ಕಾರು ಹೆಚ್ಚಿದಂತೆ ಬಂಕು ಹೆಚ್ಚುತ್ತದೆ, ಬಂಕು ಹೆಚ್ಚಿದಂತೆ ಕಾರು ಹೆಚ್ಚುತ್ತದೆ. ಒಮ್ಮೆ ಹೀಗೆ ಮುಂದೆ ಹೋದ ವಸ್ತುವನ್ನು ಹಿಂದೆ ಉಳಿದದ್ದು ಹಿಡಿಯುವುದು ಕಷ್ಟ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಈ ಇತಿಹಾಸದಲ್ಲಿ ಕಾಣುವ ಪಾಠ ಇದೇ.

ಬೆಂಗಳೂರಿಗೆ ಈ ಪಾಠ ಅನ್ವಯಿಸುತ್ತದೆ. 2001ರಲ್ಲಿ ‘ರೇವಾ’ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದದ್ದು ಇಲ್ಲಿಂದಲೇ. 2017ರಲ್ಲಿ ವಿದ್ಯುತ್ ವಾಹನ ನೀತಿ ಪ್ರಕಟಿಸಿದ ಮೊದಲ ರಾಜ್ಯವೂ ನಮ್ಮದೇ. ಆದರೂ ಸರ್ಕಾರಗಳ ಗಮನ ವಾಹನದ ಬೆಲೆ ತಗ್ಗಿಸುವುದರ ಮೇಲೆಯೇ ಹೆಚ್ಚು. ಕೇಂದ್ರದ 2019ರ ‘ಫೇಮ್’ ಎರಡನೇ ಹಂತಕ್ಕೆ ಮೂಲತಃ ಇಟ್ಟ 10,000 ಕೋಟಿ ರೂಪಾಯಿಯಲ್ಲಿ ಚಾರ್ಜಿಂಗ್ ಜಾಲದ ಪಾಲು 1,000 ಕೋಟಿ. 2024ರ ‘ಪಿಎಂ ಇ-ಡ್ರೈವ್’ ಯೋಜನೆಯ 10,900 ಕೋಟಿಯಲ್ಲಿ ಅದು 2,000 ಕೋಟಿಗೆ ಏರಿರುವುದು ಸ್ವಾಗತಾರ್ಹವಾದರೂ ಸಾಲದು.

ಸ್ವಂತ ಮನೆ, ಸ್ವಂತ ಗ್ಯಾರೇಜು ಉಳ್ಳವನಿಗೆ ರಿಯಾಯಿತಿಯೊಂದಿದ್ದರೆ ಸಾಕು. ವಠಾರದಲ್ಲಿರುವ ಆಟೊ ಚಾಲಕ, ಮನೆಮನೆಗೆ ಊಟ ತಲುಪಿಸುವ ಹುಡುಗ, ಬಾಡಿಗೆದಾರ, ಇವರು ವಾಹನ ಕೊಂಡರೂ ಚಾರ್ಜ್ ಮಾಡುವುದೆಲ್ಲಿ? ಸಾರ್ವಜನಿಕ ಹಣ ಮೊದಲು ಆಟೊ ನಿಲ್ದಾಣ, ಮಾರುಕಟ್ಟೆ, ಬಸ್ ನಿಲ್ದಾಣಗಳ ಚಾರ್ಜಿಂಗ್ ಕೇಂದ್ರಗಳಿಗೆ ಹೋಗಬೇಕು. ಹಳೆಯ ಕಟ್ಟಡಗಳಲ್ಲಿಯೂ ಬಾಡಿಗೆದಾರ ಸ್ವಂತ ವೆಚ್ಚದಲ್ಲಿ ಪ್ರತ್ಯೇಕ ಮೀಟರ್ ಪಡೆಯುವ ಹಕ್ಕು ಕಾನೂನಿನಲ್ಲಿ ಸ್ಪಷ್ಟವಾಗಬೇಕು. ವಿದ್ಯುತ್ ಹೊರೆ, ಬೆಂಕಿಯ ಅಪಾಯದ ಆತಂಕ ಅಸಹಜವಲ್ಲ. ಅದಕ್ಕೆ ಪರಿಹಾರ ಸರಿಯಾದ ವೈರಿಂಗ್ ಮತ್ತು ತಪಾಸಣೆಯೇ ಹೊರತು ಮುಂದೂಡಿಕೆಯಲ್ಲ.

ಆ ಯುವಕರ ಮನವಿಯನ್ನು ಮುಂದಿನ ಸಭೆಯಲ್ಲಿ ಪುನಃ ಮಂಡಿಸುವಂತೆ ಕೋರಿ ಸಂಘದ ಕಾರ್ಯದರ್ಶಿಗೆ ಪತ್ರ ಬರೆದಿದ್ದೇನೆ. ಕಾದು ನೋಡಲು ಇದೇನೂ ಹೊಸ ವಿಷಯವಲ್ಲ. ನೂರಿಪ್ಪತ್ತು ವರ್ಷ ಕಾದದ್ದಾಗಿದೆ.