ಗೂಡಿನ ಅಂಚಿನಲ್ಲಿ

ಮಕ್ಕಳನ್ನು ಬೆಳೆಸುವುದು ಕಷ್ಟ. ಬೆಳೆದವರನ್ನು ಮನೆಯಿಂದ ಕಳುಹಿಸಿಕೊಡುವುದು ಇನ್ನೂ ಕಷ್ಟ. ಈ ಸಂಕಟ ನಮಗಷ್ಟೇ ಮೀಸಲೆಂದು ನಾವು ಭಾವಿಸಿದ್ದೇವೆ. ಪೆರಿಗ್ರಿನ್ ಡೇಗೆಯೆಂಬ ಬೇಟೆಹಕ್ಕಿಯ ಸಂಸಾರವನ್ನು ಕಂಡವರು ಹಾಗೆ ಹೇಳಲಾರರು.

ಅಮೆರಿಕದ ಬರ್ಕ್ಲಿ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ 307 ಅಡಿ ಎತ್ತರದ ಗಡಿಯಾರ ಗೋಪುರವೊಂದಿದೆ. ಕಡಿದಾದ ಬಂಡೆಗಳಲ್ಲಿ ವಾಸಿಸುವ ಈ ಹಕ್ಕಿಗಳಿಗೆ ಅದೇ ಬೆಟ್ಟವಾಯಿತು. 2017ರಲ್ಲಿ ಒಂದು ಜೋಡಿ ಅಲ್ಲಿ ಎರಡು ಮರಿಗಳನ್ನು ಬೆಳೆಸಿತು. ಡಿ.ಡಿ.ಟಿ. ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ, ಅಮೆರಿಕದಲ್ಲಿ ಅಳಿವಿನಂಚಿಗೆ ಸರಿದಿದ್ದ ಸಂತತಿಯಿದು. 1972ರಲ್ಲಿ ಆ ವಿಷಕ್ಕೆ ಅಲ್ಲಿ ನಿಷೇಧ ಬಿದ್ದ ಬಳಿಕ, ಅನೇಕರ ಶ್ರಮದಿಂದ ಚೇತರಿಸಿಕೊಂಡಿತು. ಆದ್ದರಿಂದ ಒಂದೊಂದು ಮರಿಯೂ ಅಮೂಲ್ಯ.

ಮರಿಗಳು ಹಾರುವುದು ಸುಮಾರು ಆರು ವಾರ ತುಂಬಿದಾಗ. ಅದಕ್ಕೆ ಮುನ್ನಿನ ದಿನಗಳ ಸಿದ್ಧತೆ ನೋಡುವಂತಹುದು. ಮೈಮೇಲಿನ ಬಿಳಿಯ ತುಪ್ಪಳ ಉದುರಿ ಕಂದುಗರಿಗಳು ಮೂಡುತ್ತವೆ. ಮರಿಯು ಅಂಚನ್ನು ಉಗುರುಗಳಿಂದ ಬಿಗಿಹಿಡಿದು ರೆಕ್ಕೆಗಳನ್ನು ಬಡಿಯುತ್ತದೆ. ಕೆಳಗೆ ನೋಡುತ್ತದೆ, ಹಿಂದೆ ಸರಿಯುತ್ತದೆ. ತಾಯಿತಂದೆಗಳು ದೂಡುವುದಿಲ್ಲ. ಬೇಟೆಯನ್ನು ಕಾಲಲ್ಲಿ ಹಿಡಿದು ಮರಿಯ ಕಣ್ಣೆದುರಿಗೇ ಸುಳಿದಾಡುತ್ತವೆ. ಹಸಿವು ಕರೆಯುತ್ತದೆ, ಅಂಜಿಕೆ ತಡೆಯುತ್ತದೆ; ಒಂದು ದಿನ ಅಂಜಿಕೆ ಸೋಲುತ್ತದೆ.

ಹಾರಿದೊಡನೆ ಹೊಣೆ ತೀರಿತೆಂದಲ್ಲ. ಮುಂದೆಯೂ ಹಲವು ವಾರ ಅವೇ ಉಣಿಸುತ್ತವೆ. ಕ್ರಮೇಣ ಬೇಟೆಯನ್ನು ಆಕಾಶದಲ್ಲಿಯೇ ಬೀಳಿಸಿ ಮರಿಗಳಿಗೆ ಹಿಡಿಯಲು ಕಲಿಸುತ್ತವೆ. ಕೊಡುವುದನ್ನು ನಿಲ್ಲಿಸದೆ, ಕೊಡುವ ರೀತಿಯನ್ನು ಮಾತ್ರ ಬದಲಿಸುವ ವಿವೇಕವಿದು.

ಆದರೂ ಅಪಾಯ ತಪ್ಪದು. ಬರ್ಕ್ಲಿಯ ಆ ಎರಡು ಮರಿಗಳಲ್ಲಿ ಲಕ್ಸ್ ಎಂಬುದು ಹಾರಲು ಕಲಿಯುತ್ತಿದ್ದಾಗಲೇ ಕಟ್ಟಡವೊಂದರ ಗಾಜಿಗೆ ಬಡಿದು ಮಡಿಯಿತು. ಫಿಯಟ್ ಎಂಬುದು ಬದುಕಿತು. ಒಂದೇ ಗೂಡು, ಒಂದೇ ಆರೈಕೆ. ಫಲ ಮಾತ್ರ ಬೇರೆ. ಮರಿಗಳು ಹಾರುತ್ತಿದ್ದ ದಿನಗಳಲ್ಲಿ ಅಲ್ಲಿನ ಸ್ವಯಂಸೇವಕರು ಕೆಳಗೆ ಕಾವಲು ನಿಲ್ಲುತ್ತಿದ್ದರು. ನೆಲಕ್ಕಿಳಿದು ಮೇಲೇರಲಾರದ ಮರಿಗೆ ನೆರವಾಗುತ್ತಿದ್ದರು.

ಮಗನನ್ನು ದೂರದ ವಿದ್ಯಾರ್ಥಿನಿಲಯಕ್ಕೆ, ಮಗಳನ್ನು ಪರಊರಿನ ನೌಕರಿಗೆ ಕಳುಹಿಸುವಾಗ ನಮ್ಮ ಮನೆಗಳಲ್ಲಿ ಕಣ್ಣೀರು ಸಹಜ. ಆ ಕಣ್ಣೀರಿಗೆ ನಾಚಬೇಕಾಗಿಲ್ಲ. ಆದರೆ ಅದು ಮಕ್ಕಳ ಕಾಲಿಗೆ ತೊಡರಾಗಬಾರದು. ತಮ್ಮ ರೆಕ್ಕೆಯ ಮೇಲೆ ಅವರಿಗೆ ನಂಬಿಕೆ ಬರುವ ತನಕ ಹತ್ತಿರವೇ ಸುಳಿಯುತ್ತಿರುವುದು ಹಿರಿಯರಾದ ನಮ್ಮ ಕೆಲಸ. ಅವರಿಗಾಗಿ ನಾವು ಹಾರಲಾರೆವು. ಬಿದ್ದಾಗ ಎತ್ತಿಕೊಳ್ಳಲು ಕೆಳಗೆ ನಿಂತಿರಬಲ್ಲೆವು.