ಕೊನೆಗೆ ಕೈಯಿಟ್ಟದ್ದು ಎಲ್ಲಿ?

ಚೆನ್ನಾಗಿ ಓಡುತ್ತಿದ್ದ ಮೋಟಾರು ಸೈಕಲ್ಲು ಸರ್ವೀಸಾದ ಮರುದಿನವೇ ತಡವರಿಸತೊಡಗುವುದುಂಟು. ಕಾರ್ಬುರೇಟರನ್ನೇ ಬದಲಿಸಬೇಕೆಂಬ ಸಲಹೆ ಆಗ ಸುಲಭವಾಗಿ ದೊರೆಯುತ್ತದೆ. ವಿಚಾರವಿಲ್ಲದ ಈ ಸಲಹೆಯನ್ನು ವಿದ್ಯಾರ್ಥಿಗಳು ಒಪ್ಪತಕ್ಕದ್ದಲ್ಲ. ನಿನ್ನೆ ಸರಿಯಿದ್ದ ಯಂತ್ರ ಇಂದು ಕೆಟ್ಟಿದ್ದರೆ, ದೋಷವನ್ನು ಮೊದಲು ಅರಸಬೇಕಾದುದು ಈ ನಡುವೆ ಕೈಯಿಟ್ಟ ಭಾಗಗಳಲ್ಲಿ.

1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ವಾಹನಗಳನ್ನೇ ತೆಗೆದುಕೊಳ್ಳಿ. ಇವುಗಳಲ್ಲಿ ಬಹುಪಾಲಿಗೆ ಕಿಡಿಯ ಕಾಲವನ್ನು ನಿರ್ಧರಿಸುವುದು ಕಾಂಟ್ಯಾಕ್ಟ್ ಪಾಯಿಂಟುಗಳು. ಅವುಗಳ ನಡುವಣ ಅಂತರ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಶುದ್ಧಮಾಡುವಾಗ ಈ ಅಂತರ ಹಿಗ್ಗಿದರೆ ಪಾಯಿಂಟುಗಳು ಬೇಗ ತೆರೆದುಕೊಂಡು ಕಿಡಿ ಹೊತ್ತಿಗೆ ಮುಂಚೆಯೇ ಹಾರುತ್ತದೆ, ಕುಗ್ಗಿದರೆ ತಡವಾಗುತ್ತದೆ. ಕಿಡಿ ತೀರ ಮುಂಚಿತವಾದರೆ ಪಿಸ್ಟನ್ನು ಅತಿಯಾಗಿ ಕಾದು ತೂತಾಗಲೂಬಹುದು. ಕಾರ್ಬುರೇಟರನ್ನು ಬದಲಿಸಿ ಫಲವೇನು?

ಸ್ಪಾರ್ಕ್ ಪ್ಲಗ್ಗೂ ಸಾಕ್ಷಿ ನುಡಿಯುತ್ತದೆ. ತುದಿಯಲ್ಲಿ ಒಣ ಮಸಿ ಕಟ್ಟಿದ್ದರೆ ಗಾಳಿಗೆ ಹೋಲಿಸಿದಲ್ಲಿ ಪೆಟ್ರೋಲು ಹೆಚ್ಚಾಗಿರಬಹುದು. ಏರ್ ಫಿಲ್ಟರನ್ನು ನೋಡಬೇಕು. ತುದಿ ಬೆಳ್ಳಗಿದ್ದರೆ ಪೆಟ್ರೋಲು ಸಾಲದಾಗಿರಬಹುದು. ಕಾರ್ಬುರೇಟರು ಎಂಜಿನ್ನಿಗೆ ಸೇರುವೆಡೆ ಸಡಿಲವಾಗಿ ಹೊರಗಾಳಿ ನುಸುಳುತ್ತಿದೆಯೇ ಎಂದು ಪರೀಕ್ಷಿಸಬೇಕು. ಕಾರ್ಬುರೇಟರೇ ಇಲ್ಲದ ಇಂದಿನ ಇಂಜೆಕ್ಷನ್ ವಾಹನಗಳಿಗೂ ಇದೇ ನ್ಯಾಯ: ಮರಳಿ ಜೋಡಿಸದೆ ಬಿಟ್ಟ ಸೆನ್ಸರಿನ ತಂತಿಯೊಂದೇ ಎಂಜಿನ್ನನ್ನು ಕಾಡಬಲ್ಲದು.

ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ, ಓಡಿಸಿ ನೋಡಿ, ಫಲಿತಾಂಶವನ್ನು ಬರೆದಿಡಿ. ನಾಲ್ಕನ್ನು ಒಮ್ಮೆಗೇ ಬದಲಿಸಿದರೆ ವಾಹನ ಸರಿಹೋದೀತು, ಕಾರಣ ಮಾತ್ರ ತಿಳಿಯದು. ಮುಂದಿನ ಸಲ ಮತ್ತೆ ನಾಲ್ಕಕ್ಕೂ ಹಣ ತೆರಬೇಕಾಗುತ್ತದೆ. ಪ್ರಯೋಗಶಾಲೆಯಲ್ಲಿ ಕಲಿತ ಶಿಸ್ತು ಮನೆಯಂಗಳದಲ್ಲಿಯೂ ಬಳಕೆಗೆ ಬರಲಿ.