ಡಬ್ಲ್ಯೂ-240 ಅಂದರೆ ಏನು?

ಮಕ್ಕಳೇ, ಗೇರುಬೀಜದ ಪ್ಯಾಕೆಟಿನ ಮೇಲೆ 'ಡಬ್ಲ್ಯೂ-240' ಅಥವಾ 'ಡಬ್ಲ್ಯೂ-320' ಎಂದು ಬರೆದಿರುವುದನ್ನು ನೋಡಿದ್ದೀರಾ? ಅದು ಬೆಲೆಯಲ್ಲ, ಬಸ್ಸಿನ ನಂಬರೂ ಅಲ್ಲ. ಒಂದು ಪೌಂಡು ತೂಕಕ್ಕೆ ಎಷ್ಟು ಬೀಜ ಬರುತ್ತದೆ ಎನ್ನುವ ಲೆಕ್ಕ ಅದು. 240 ಅಂದರೆ ಪೌಂಡಿಗೆ 220ರಿಂದ 240 ಬೀಜ. 320 ಅಂದರೆ 300ರಿಂದ 320. ನಂಬರು ದೊಡ್ಡದಾದಷ್ಟೂ ಬೀಜ ಸಣ್ಣದು! 180ರ ಬೀಜ ಇನ್ನೂ ದಪ್ಪ, ಬೆಲೆಯೂ ಜಾಸ್ತಿ. 'ಡಬ್ಲ್ಯೂ' ಅಂದರೆ ಬೆಳ್ಳಗಿನ ಇಡೀ ಬೀಜ ಎಂದರ್ಥ.

ನಮ್ಮಲ್ಲಿ ಕಿಲೋ ಬಂದು ಅರವತ್ತಕ್ಕೂ ಹೆಚ್ಚು ವರ್ಷವಾಯಿತು. ಸೇರು, ಪಾವು, ಅಕ್ಕಿ ಮುಡಿ ಎಲ್ಲ ಅಜ್ಜ-ಅಜ್ಜಿಯರ ನೆನಪಿನಲ್ಲಿ ಉಳಿದಿವೆ. ಹಾಗಿದ್ದರೂ ಮಂಗಳೂರಿನ ಗೇರುಬೀಜ ಫ್ಯಾಕ್ಟರಿಗಳಲ್ಲಿ ಪೌಂಡು ಗಟ್ಟಿಯಾಗಿ ಕುಳಿತಿದೆ. ಹಿಂದಿನಿಂದ ಇದನ್ನು ಕೊಳ್ಳುತ್ತಿದ್ದವರು ಅಮೆರಿಕದವರು, ಅವರ ಅಳತೆ ಪೌಂಡು. ರಫ್ತಿನ ತಗಡಿನ ಡಬ್ಬಿಗೆ 25 ಪೌಂಡು, ಅಂದರೆ 11.34 ಕಿಲೋ ತುಂಬುವುದು ಅದಕ್ಕೇ. ಇನ್ನೂ ಒಂದು ತಮಾಷೆ ಕೇಳಿ: ಐವರಿ ಕೋಸ್ಟ್, ತಾಂಜಾನಿಯಾ ದೇಶಗಳಿಂದ ಹಡಗಿನಲ್ಲಿ ಬರುವ ಹಸಿ ಬೀಜದ ಗುಣ ಹೇಳುವಾಗ, 80 ಕಿಲೋ ಚೀಲದಿಂದ ಎಷ್ಟು ಪೌಂಡು ತಿರುಳು ಸಿಗುತ್ತದೆ ಎಂದು ಹೇಳುತ್ತಾರೆ. ಚೀಲ ಕಿಲೋದಲ್ಲಿ, ತಿರುಳು ಪೌಂಡಿನಲ್ಲಿ!

ಈ ತಿರುಳನ್ನು ಕೊಳ್ಳುವ ಮೊದಲೇ ತಿಳಿಯುವುದು ಹೇಗೆ? ಇಡೀ ಹಡಗಿನ ಬೀಜ ಒಡೆದು ನೋಡಲಾಗದು. ಅಲ್ಲಲ್ಲಿ ಚೀಲಗಳಿಂದ ಹಿಡಿ ಹಿಡಿ ತೆಗೆದು, ಸೇರಿಸಿ, ತೂಗಿ, ಒಂದೊಂದಾಗಿ ಕತ್ತರಿಸುತ್ತಾರೆ. ಒಳ್ಳೆಯದು, ಮುರುಟಿದ್ದು, ಹುಳ ತಿಂದದ್ದು ಎಂದು ಬೇರೆ ಮಾಡಿ ಮತ್ತೆ ತೂಗುತ್ತಾರೆ. ಅಜ್ಜಿ ಒಂದಗುಳು ಹಿಸುಕಿ ಅನ್ನ ಬೆಂದಿತೇ ಎಂದು ನೋಡುವ ಹಾಗೆಯೇ. ಆದರೆ ಅನ್ನದ ಪಾತ್ರೆ ಒಂದೇ, ಚೀಲಗಳು ಸಾವಿರ. ಮೇಲಿನ ಚೀಲಗಳಿಂದ ಮಾತ್ರ ತೆಗೆದರೆ ಫ್ಯಾಕ್ಟರಿಯವರು ಮುಳುಗಿದ ಹಾಗೆಯೇ.

ಆಮೇಲೆ ಬೇಯಿಸುವುದು, ಒಡೆಯುವುದು, ಒಣಗಿಸುವುದು, ಸಿಪ್ಪೆ ತೆಗೆಯುವುದು. ಕೊನೆಗೆ ಗ್ರೇಡಿಂಗ್. ನಮ್ಮ ನೆರೆಮನೆಯ ಅಕ್ಕ ಬಹಳ ವರ್ಷ ಈ ಕೆಲಸ ಮಾಡಿದವರು. ಅವರ ಕೈಗೆ ಒಂದು ಹಿಡಿ ಬೀಜ ಕೊಟ್ಟರೆ 240 ಯಾವುದು, 320 ಯಾವುದು ಎಂದು ಮಾತಾಡುತ್ತಲೇ ಬೇರೆ ಬೇರೆ ಗುಡ್ಡೆ ಮಾಡಿಬಿಡುತ್ತಾರೆ. ನಾನೂ ಕುಳಿತು ನೋಡಿದೆ, ನನಗೆ ಎಲ್ಲವೂ ಒಂದೇ ಥರ ಕಂಡವು. 240ರ ಡಬ್ಬಿಯಲ್ಲಿ ಸಣ್ಣ ಬೀಜ ಹೆಚ್ಚು ಸೇರಿದರೆ ಕೊಂಡವರು ಬೆಲೆ ಕಡಿತ ಮಾಡುತ್ತಾರೆ, ಅದರ ಬಿಸಿ ಮೊದಲು ತಟ್ಟುವುದು ಗ್ರೇಡಿಂಗ್ ಮೇಜಿಗೆ.

ಈಗ ಕ್ಯಾಮರಾ ಇರುವ ಯಂತ್ರಗಳು ಬಂದಿವೆ. ಬೀಜ ಸಾಲಾಗಿ ಬೀಳುವಾಗ ಕ್ಯಾಮರಾ ಬಣ್ಣ ನೋಡುತ್ತದೆ. ಕಪ್ಪು ಕಲೆ ಕಂಡರೆ ಕ್ಷಣದಲ್ಲಿ ಗಾಳಿ ಊದಿ ಆ ಒಂದು ಬೀಜವನ್ನು ಮಾತ್ರ ಪಕ್ಕಕ್ಕೆ ಹಾರಿಸುತ್ತದೆ. ಯಂತ್ರಕ್ಕೆ ಸಂಜೆ ಕಣ್ಣು ಉರಿಯುವುದಿಲ್ಲ, ಬೆನ್ನು ನೋಯುವುದಿಲ್ಲ. ಆದರೆ ಹತ್ತು ಜನ ಕುಳಿತಿದ್ದ ಮೇಜಿಗೆ ಈಗ ಅಷ್ಟು ಜನ ಬೇಡ. ಅಕ್ಕನ ಮಗಳು ಆ ಕೆಲಸಕ್ಕೆ ಹೋಗಲಿಲ್ಲ. ಅಕ್ಕನಿಗೆ ಅದು ಸಮಾಧಾನವೋ ಬೇಸರವೋ, ಕೇಳಿದರೆ ನಗುತ್ತಾರೆ ಅಷ್ಟೇ.

ಪಾಯಸಕ್ಕೆ ಇಡೀ 180 ಹಾಕುವುದು ದುಂದು ಎಂದು ನನ್ನ ಮತ. ತುಪ್ಪದಲ್ಲಿ ಹುರಿದ ಮೇಲೆ ತುಂಡಿನ ರುಚಿಯೇನೂ ಕಡಿಮೆಯಲ್ಲ. ಆದರೆ 240 ಎಂದು ಹಣ ಕೊಟ್ಟ ಮೇಲೆ 240 ಸಿಗಬೇಕು. ಮನೆಯಲ್ಲಿ ತಕ್ಕಡಿ ಇದ್ದರೆ ಸರಿಯಾಗಿ 100 ಗ್ರಾಂ ತೂಗಿ ಎಣಿಸಿ. ಒಂದು ಪೌಂಡು ಸುಮಾರು 454 ಗ್ರಾಂ. ಹಾಗಾಗಿ 240 ಆದರೆ 49ರಿಂದ 53 ಬೀಜ ಇರಬೇಕು, 320 ಆದರೆ 66ರಿಂದ 70. ಅಜ್ಜ ತೂಗಲಿ, ನೀವು ಎಣಿಸಿ. ಎಣಿಸುವಾಗ ಬಾಯಿಗೆ ಹಾಕಿಕೊಂಡದ್ದನ್ನೂ ಲೆಕ್ಕಕ್ಕೆ ಸೇರಿಸಿ!